ಬಗ್ಗಿದರೆ ಆರುವ ದೀಪ

ಕಳೆದ ತಿಂಗಳು ಒಂದು ರಾತ್ರಿ, ಮರುದಿನದ ಪುಟಗಳೆಲ್ಲ ಅಚ್ಚಿಗೆ ಹೋದ ಬಳಿಕ, ನಾನು ಕಾರ್ಯಾಲಯದ ಬಾಗಿಲೆಳೆಯುವ ಹೊತ್ತಿಗೆ ತರುಣನೋರ್ವನು ಮೆಟ್ಟಿಲೇರಿ ಬಂದನು. ನಾನು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಸಪ್ಲಾಯರ್ ಆಗಿ ಸೇರಿದ್ದವನು; ಈಗ ಮಾಟುಂಗದ ಕಡೆಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವಷ್ಟು ಮುಂದೆ ಬಂದಿರುವನು. ಆತನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ತಲೆಗೆ ಕಟ್ಟಿಕೊಳ್ಳುವ ಬೆಟ್ರಿ ದೀಪ. ಊರಿನಲ್ಲಿ ‘ಹೆಡ್‌ಲೈಟು’ ಎಂದು ಕರೆಯುವರಲ್ಲ, ಅದು.

“ಅಣ್ಣಾ, ಇದನ್ನೊಮ್ಮೆ ನೋಡುತ್ತೀರಾ? ನಾಳೆ ಮಧ್ಯಾಹ್ನ ಮತ್ಸ್ಯಗಂಧಕ್ಕೆ ಹೊರಡುವವನಿದ್ದೇನೆ. ಅಪ್ಪನಿಗೆ ಕೊಡಬೇಕು.”

“ಹಳತಾಯಿತಲ್ಲವೋ ಮಾರಾಯ, ಹೊಸದೊಂದು ಕೊಂಡುಹೋಗು.”

“ಹೊಸದನ್ನು ಅಪ್ಪ ಮುಟ್ಟುವುದಿಲ್ಲ. ಅದೂ ಹೀಗೆಯೇ ಕೈಕೊಡುವುದು ಎನ್ನುತ್ತಾರೆ. ಇದೇ ಸರಿಯಾಗಬೇಕು.”

ಬಳಿಕ ವಿಷಯವನ್ನು ಬಿಡಿಸಿ ಹೇಳಿದನು. ಆತನ ಮನೆ ಬೆಳ್ತಂಗಡಿ ತಾಲೂಕಿನ ಒಳಭಾಗದಲ್ಲಿ. ತಂದೆಯವರು ತಮ್ಮ ಮರಗಳನ್ನೂ ನೆರೆಮನೆಯವರ ಮರಗಳನ್ನೂ ಸೇರಿಸಿ ಮುನ್ನೂರರಷ್ಟು ರಬ್ಬರ್ ಮರಗಳ ಟ್ಯಾಪಿಂಗ್ ಮಾಡುವವರು. ಈ ಕೆಲಸಕ್ಕೆ ಬೆಳಗಿನ ನಾಲ್ಕು ಗಂಟೆಗೇ ಇಳಿಯಬೇಕು. ಬಿಸಿಲೇರುವ ಮೊದಲು, ತಂಪು ಹೊತ್ತಿನಲ್ಲಿ, ತೊಗಟೆಯೊಳಗಿನ ಹಾಲು ಒತ್ತಡದಿಂದ ತುಂಬಿಕೊಂಡಿರುವುದರಿಂದ ಆಗ ಕೊಯ್ದರೆ ಹೆಚ್ಚು ಹಾಲು ಇಳಿಯುವುದು. ಹೊತ್ತೇರಿದಂತೆ ಅದು ಕಡಿಮೆಯಾಗುವುದು. ತೊಗಟೆಯನ್ನು ತೆಳ್ಳಗೆ ಕೆತ್ತುವ ಕತ್ತಿಯನ್ನು ಎರಡೂ ಕೈಗಳಿಂದ ಹಿಡಿಯಬೇಕು. ಕೊಂಚ ಆಳವಾದರೆ ಮರಕ್ಕೆ ಗಾಯ, ಕೊಂಚ ಮೇಲಾದರೆ ಹಾಲಿಲ್ಲ. ಹಾಗಾದರೆ ದೀಪ ಹಿಡಿಯುವವರಾರು? ಹತ್ತಾರು ವರ್ಷ ಆ ಹಿರಿಯರು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡೇ ಮುನ್ನೂರು ಮರ ಸುತ್ತಿದವರು. ಎರಡು ವರ್ಷಗಳ ಹಿಂದೆ ಮಗನು ತನ್ನ ಸಂಬಳದಿಂದ ಈ ಹೆಡ್‌ಲೈಟನ್ನು ಕೊಂಡು ಕೊಟ್ಟನು.

ಒಂದು ವರ್ಷ ಚೆನ್ನಾಗಿಯೇ ಉರಿಯಿತು. ಆಮೇಲೆ ಅದಕ್ಕೊಂದು ವಿಚಿತ್ರ ರೋಗ ಹತ್ತಿತು. ನೆಟ್ಟಗೆ ನಿಂತರೆ ಉರಿಯುವುದು, ಗೆರಟೆ ಎತ್ತಲು ಬಗ್ಗಿದರೆ ಆರುವುದು. ಒಂದು ಬೆಳಗಿನ ಜಾವ ಎರಡು ತಟ್ಟುಗಳ ನಡುವೆ ಇಳಿಯುವಾಗ ದೀಪವಾರಿ, ಕಾಲು ಇಂಗುಗುಂಡಿಯ ಅಂಚಿನಲ್ಲಿ ಜಾರಿ, ಪಾದದ ಗಂಟು ಉಳುಕಿತು. ಮೂರು ವಾರ ಮರ ಮುಟ್ಟಲಿಲ್ಲ. ಎದ್ದ ಮೇಲೆ ಹೆಡ್‌ಲೈಟನ್ನು ಮೊಳೆಗೆ ನೇತುಹಾಕಿ, ಅರವತ್ತಮೂರರ ಪ್ರಾಯದಲ್ಲಿ ಪುನಃ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡರು. ಮಗನು ಕಳೆದ ಸಲ ಊರಿಗೆ ಹೋದಾಗ ಅದನ್ನು ಮುಂಬಯಿಗೆ ತಂದಿದ್ದನು. ಅಂಗಡಿಯವನೊಬ್ಬನು ನೋಡದೆಯೇ “ಶೆಲ್ಲು ಹೋಗಿದೆ” ಎಂದು ತೀರ್ಪಿತ್ತು ಹೊಸ ಶೆಲ್ಲೊಂದನ್ನು ಮಾರಿದನು. ಅದನ್ನು ಹಾಕಿದರೂ ರೋಗ ಹೋಗಲಿಲ್ಲ.

ಪತ್ರಿಕೆಯವನಾದ ನನಗೆ ಈ ಕೆಲಸ ಹೇಗೆ ಬಂದಿತೆಂದು ವಾಚಕರು ಕೇಳಬಹುದು. ಹೋಟೆಲು ನಡೆಸಿದವನಿಗೆ ಸ್ಕ್ರೂಡ್ರೈವರ್ ಹಿಡಿಯಲು ಯಾರೂ ಕಲಿಸಬೇಕಿಲ್ಲ. ಬೆಳಿಗ್ಗೆ ಐದಕ್ಕೆ ಗ್ರೈಂಡರು ನಿಂತರೆ ಮೆಕ್ಯಾನಿಕನು ಹನ್ನೊಂದಕ್ಕೆ ಬರುವನು. ಅಷ್ಟರೊಳಗೆ ಇಡ್ಲಿಯ ಹೊತ್ತು ಮುಗಿದಿರುವುದು. ಎಸ್ಸೆಸ್ಸೆಲ್ಸಿಯ ಪುಸ್ತಕದಲ್ಲಿ ವಿದ್ಯುನ್ಮಂಡಲದ ಚಿತ್ರ ಬಿಡಿಸಿ ಅಂಕ ಗಿಟ್ಟಿಸಿದ್ದೆನಷ್ಟೆ. ಅದರ ಅರ್ಥ ತಿಳಿದದ್ದು ಗ್ರೈಂಡರಿನ ಹೊಟ್ಟೆ ಬಿಚ್ಚಿದ ಮೇಲೆಯೇ. ಕಾರ್ಯಾಲಯದ ಮೇಜಿನ ಕೆಳಗಣ ಖಾನೆಯಲ್ಲಿ ಇಂದಿಗೂ ಒಂದು ಮಲ್ಟಿಮೀಟರು, ಬೆಸುಗೆಯ ಕಡ್ಡಿ, ಇಕ್ಕುಳ ಇವೆ. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಾಧಾರಣ ಮಲ್ಟಿಮೀಟರು ಇನ್ನೂರು ಮುನ್ನೂರು ರೂಪಾಯಿಗೆ ಸಿಗುವುದು. ಹತ್ತು ಜನರಿರುವ ಒಂದು ಖೋಲಿಗೆ ಒಂದು ಸಾಕು.

ದೀಪವೆಂದರೆ ಏನು? ವಿದ್ಯುತ್ತು ಶೆಲ್ಲಿನಿಂದ ಹೊರಟು, ಲೋಹದ ಸ್ಪರ್ಶದ ಮೂಲಕ ತಂತಿಗೆ, ತಂತಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಎಲ್‌ಇಡಿಗೆ ಹೋಗಿ ಪುನಃ ಶೆಲ್ಲಿಗೆ ಮರಳುವ ಒಂದು ಸುತ್ತು. ಈ ಸುತ್ತಿನಲ್ಲಿ ಎಲ್ಲಿ ಕಡಿದರೂ ದೀಪವಿಲ್ಲ. ಆದರೆ ಜನರು ಶೆಲ್ಲೊಂದನ್ನೇ ದೂರುವರು. ಅದಲ್ಲವಾದರೆ ದೀಪವನ್ನೇ ಎಸೆಯುವರು. ನಡುವಣ ದಾರಿಯನ್ನು ನಡೆದು ನೋಡುವವರು ಕಡಿಮೆ. ಬಿಚ್ಚುವ ಮೊದಲು ದೀಪವು ಹೇಗೆ ಕೆಡುತ್ತದೆಂಬುದನ್ನು ಕೇಳಿಕೊಳ್ಳಬೇಕು. ಉರಿದು ಹತ್ತು ನಿಮಿಷಕ್ಕೇ ಮಂಕಾದರೆ ದೋಷವು ಬಹುಮಟ್ಟಿಗೆ ಶೆಲ್ಲಿನದು. ತಟ್ಟಿದರೆ, ಅಲುಗಿಸಿದರೆ, ಬಗ್ಗಿದರೆ ಆರಿ ಮತ್ತೆ ಹತ್ತುವುದಾದರೆ ದೋಷವು ಶೆಲ್ಲಿನದಲ್ಲ. ಎಲ್ಲೋ ಸಂಪರ್ಕವು ಸಡಿಲವಾಗಿದೆ. ಆ ಅಂಗಡಿಯವನು ಈ ಒಂದು ಪ್ರಶ್ನೆ ಕೇಳಿದ್ದರೆ ಹುಡುಗನ ಹಣ ಉಳಿಯುತ್ತಿತ್ತು.

ಆದರೂ ದಾರಿಯನ್ನು ಮೊದಲಿನಿಂದಲೇ ನಡೆಯೋಣವೆಂದು ಹಿಂದಲೆಯ ಕಡೆ ಇರುವ ಪೆಟ್ಟಿಗೆಯನ್ನು ತೆರೆದೆ. ಒಳಗಿದ್ದುದು 18650 ಎಂಬ ಲಿಥಿಯಂ ಶೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರುವುದರಿಂದ ಆ ಹೆಸರು. ಪೂರ್ತಿ ತುಂಬಿದಾಗ ಇದು 4.2 ವೋಲ್ಟು ತೋರಿಸಬೇಕು. 3 ವೋಲ್ಟಿಗೆ ಬಂದರೆ ಬರಿದಾಯಿತೆಂದೇ ಲೆಕ್ಕ. ಎರಡೂವರೆಗಿಂತ ಕೆಳಗಿಳಿದು ಬಹುಕಾಲ ಬಿದ್ದಿದ್ದರೆ ಅದನ್ನು ಮತ್ತೆ ತುಂಬುವ ಸಾಹಸ ಬೇಡ. ಮೀಟರನ್ನು 20 ವೋಲ್ಟು ಡಿಸಿಗಿಟ್ಟು ಕಡ್ಡಿಗಳನ್ನು ಎರಡು ತುದಿಗೆ ಮುಟ್ಟಿಸಿದೆ. ಹಳೆಯ ಶೆಲ್ಲು 4.05 ತೋರಿಸಿತು. ದೀಪ ಉರಿಯುತ್ತಿರುವಾಗಲೂ ಅಳೆದೆ, 3.9. ಈ ಎರಡನೆಯ ಅಳತೆಯೇ ಮುಖ್ಯವಾದುದು. ಸುಮ್ಮನಿರುವಾಗ 4 ವೋಲ್ಟು ತೋರಿಸಿ, ಉರಿಸಿದೊಡನೆ 3.2ಕ್ಕೆ ಕುಸಿಯುವ ಶೆಲ್ಲು ಮುದಿಯಾದುದು. ಇದು ಮುದಿಯಾಗಿರಲಿಲ್ಲ. ಅಂಗಡಿಯವನು ಕೊಡಲು ಹೇಳಿದ ಶಿಕ್ಷೆಯನ್ನು ನಿರಪರಾಧಿ ಅನುಭವಿಸಿದ್ದಾಯಿತು.

ಇನ್ನು ಹೊಸ ಶೆಲ್ಲಿನ ಕಥೆ. ಅದರ ಮೈಮೇಲೆ ‘9800’ ಮಿಲಿಆಂಪಿಯರ್-ಅವರ್ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಈ ಗಾತ್ರದ ಶೆಲ್ಲಿನಲ್ಲಿ ಪ್ರಾಮಾಣಿಕವಾದ ಅಂಕೆ ಸಾಮಾನ್ಯವಾಗಿ ಎರಡು ಸಾವಿರದಿಂದ ಮೂರೂವರೆ ಸಾವಿರದೊಳಗೆ. ನಾಲ್ಕು ಸಾವಿರ ಮುಟ್ಟುವುದೇ ದೊಡ್ಡ ಮಾತು. ಒಂಬತ್ತು ಸಾವಿರವೆಂಬುದು ಅರ್ಧ ಪಾವಿನಲ್ಲಿ ಸೇರಕ್ಕಿ ತುಂಬಿದೆನೆಂದಂತೆ. ಕೆಳಗಿನ ಹೋಟೆಲಿನವರಲ್ಲಿ ಮಸಾಲೆ ತೂಗುವ ಸಣ್ಣ ತಕ್ಕಡಿಯನ್ನು ಬೇಡಿ ತಂದೆವು. ಒಳ್ಳೆಯ 18650 ಶೆಲ್ಲು ನಲವತ್ತೈದು ಗ್ರಾಮಿನ ಆಸುಪಾಸಿನಲ್ಲಿ ತೂಗುವುದು. ಹಳೆಯದು ನಲವತ್ತನಾಲ್ಕು, ಹೊಸದು ಇಪ್ಪತ್ತೊಂಬತ್ತು! ಹುಡುಗನು ತಕ್ಕಡಿಯನ್ನೇ ನೋಡುತ್ತ ನಿಂತನು. ಗಲ್ಲೆಯ ಮೇಲೆ ಕುಳಿತು ಐನೂರರ ನೋಟನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವವನು ಶೆಲ್ಲಿನ ಅಕ್ಷರಗಳನ್ನು ನಂಬಿ ಮೋಸಹೋಗಿದ್ದನು.

ಎರಡನೆಯ ಹಂತ ಸ್ಪರ್ಶಗಳದ್ದು. ಪೆಟ್ಟಿಗೆಯೊಳಗಿನ ಸ್ಪ್ರಿಂಗು, ತಗಡು ಎರಡೂ ಹೊಳೆಯುತ್ತಿದ್ದವು, ಇಲ್ಲಿ ದೋಷವಿರಲಿಲ್ಲ. ಆದರೆ ಬಿಡಿ ಶೆಲ್ಲು ಹಾಕುವ ದೀಪಗಳಲ್ಲಿ ಅರ್ಧಕ್ಕರ್ಧ ರೋಗಗಳು ಇಲ್ಲಿಯೇ ಇರುವುದರಿಂದ ಸ್ವಲ್ಪ ನಿಲ್ಲುವುದು ಒಳ್ಳೆಯದು. ನಾನು ಇದನ್ನು ಕಲಿತದ್ದು 2005ರ ಜುಲೈ 26ರಂದು. ಆ ದಿನ ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದು ಮುಂಬಯಿಯಲ್ಲಿದ್ದವರಾರಿಗೂ ಮರೆಯುವಂತಹುದಲ್ಲ. ನಮ್ಮ ಹೋಟೆಲಿನೊಳಗೆ ಮೊಣಕಾಲುದ್ದ ನೀರು, ವಿದ್ಯುತ್ತಿಲ್ಲ, ಮನೆಗೆ ಹೋಗಲಾರದ ನಲವತ್ತು ಗಿರಾಕಿಗಳು ಅಟ್ಟದ ಮೇಲೆ. ಇಂತಹ ಹೊತ್ತಿಗೆಂದೇ ಜೋಪಾನವಾಗಿಟ್ಟಿದ್ದ ಟಾರ್ಚನ್ನು ತೆಗೆದು ಒತ್ತಿದರೆ ಬೆಳಕಿಲ್ಲ! ಬಿಚ್ಚಿ ನೋಡಿದರೆ ವರ್ಷದಿಂದ ಒಳಗೇ ಇದ್ದ ಶೆಲ್ಲುಗಳು ಒಡೆದು, ಸ್ಪ್ರಿಂಗಿಗೆ ಹಸಿರು ಬಿಳಿ ಕಿಲುಬು ಅಂಟಿಕೊಂಡಿತ್ತು. ಅಂದಿನ ರಾತ್ರಿ ಮೇಣದ ಬತ್ತಿಯಲ್ಲಿಯೇ ಕಳೆದೆವು.

ಅಗ್ಗದ ಸಾಧಾರಣ ಶೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಅದರ ಋಣ ಧ್ರುವ. ಶೆಲ್ಲು ಕೆಲಸ ಮಾಡಿದಷ್ಟೂ ಆ ಸತುವು ಸವೆಯುತ್ತ ಹೋಗುವುದು; ಕೊನೆಗೆ ತೂತುಬಿದ್ದು ಒಳಗಿನ ರಸ ಹೊರಬರುವುದು. ಈ ರಸವು ತುಸು ಆಮ್ಲೀಯವಾದುದು. ಆದುದರಿಂದ ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ, ಹತ್ತಿಯಲ್ಲಿ ಅದ್ದಿ ಒರೆಸಬೇಕು. ‘ಆಲ್ಕಲೈನ್’ ಎಂದು ಬರೆದಿರುವ ಬೆಲೆಯ ಶೆಲ್ಲಿನಿಂದ ಒಸರುವುದು ಇದಕ್ಕೆ ವಿರುದ್ಧವಾದ ಕ್ಷಾರ. ಅದಕ್ಕೆ ಲಿಂಬೆರಸ ಅಥವಾ ವಿನೆಗರ್. ಎರಡೂ ಹೋಟೆಲಿನ ಅಡುಗೆಮನೆಯಲ್ಲಿರುವ ವಸ್ತುಗಳೇ. ರಸವನ್ನು ಬರಿಗೈಯಿಂದ ಮುಟ್ಟಬಾರದು, ಕಣ್ಣಿಗೆ ತಾಗಿಸಬಾರದು. ಒರೆಸಿ, ಚೆನ್ನಾಗಿ ಒಣಗಿಸಿ, ಆಮೇಲೆ ನಯವಾದ ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಬರಿಯ ಮಂಕು ಕವಿದಿದ್ದರೆ ಗುಮಾಸ್ತರ ಮೇಜಿನ ಮೇಲಿನ ಪೆನ್ಸಿಲ್ ಅಳಿಸುವ ರಬ್ಬರೇ ಸಾಕಾಗುವುದು. ಹಳೆಯ ಶೆಲ್ಲಿನ ಜತೆ ಹೊಸತನ್ನು ಬೆರೆಸಿ ಹಾಕುವ ಉಳಿತಾಯವಂತೂ ಖಂಡಿತ ಬೇಡ. ಮೂರರಲ್ಲಿ ದುರ್ಬಲವಾದುದು ಮೊದಲು ಬರಿದಾಗಿ, ಉಳಿದೆರಡರ ಒತ್ತಡಕ್ಕೆ ಸಿಕ್ಕಿ ಒಡೆಯುವುದು.

ಮತ್ತೆ ಹುಡುಗನ ದೀಪಕ್ಕೆ ಬರುವೆನು. ಸ್ವಿಚ್ಚನ್ನು ಹತ್ತಾರು ಸಲ ಒತ್ತಿ ನೋಡಿದೆ, ತಡವರಿಸಲಿಲ್ಲ. ದೀಪವನ್ನು ಅವನ ತಲೆಗೇ ಕಟ್ಟಿ, ಕೋಣೆಯ ದೀಪವಾರಿಸಿ, “ಗೆರಟೆ ಎತ್ತುವವರಂತೆ ಬಗ್ಗು” ಎಂದೆ. ಬಗ್ಗಿದನು, ಕತ್ತಲಾಯಿತು. ನೆಟ್ಟಗಾದನು, ಬೆಳಕಾಯಿತು. ಮೂರನೆಯ ಸಲ ನಾನು ಹಿಂದೆ ನಿಂತು ನೋಡಿದೆ. ಬಗ್ಗುವಾಗ ಹಿಂದಲೆಯ ಪೆಟ್ಟಿಗೆ ತನ್ನ ಭಾರಕ್ಕೆ ತುಸು ಜಾರಿ, ಪಟ್ಟಿಯ ಮೇಲೆ ಹಾದುಹೋಗುವ ತಂತಿ ಬಿಗಿಯುತ್ತಿತ್ತು. ತಂತಿಯು ಮುಂದಿನ ದೀಪದೊಳಕ್ಕೆ ಹೊಗುವ ಜಾಗದಲ್ಲಿ, ದೀಪವನ್ನು ಮೇಲೆ ಕೆಳಗೆ ತಿರುಗಿಸುವ ಕೀಲಿನ ಬುಡದಲ್ಲಿ, ಬೆರಳಿಟ್ಟು ಒತ್ತಿದೊಡನೆ ದೀಪವು ಮಿಣುಕಿತು.

ಶೆಲ್ಲನ್ನು ಹೊರತೆಗೆದು, ಮೀಟರನ್ನು ‘ಬೀಪ್’ ಎನ್ನುವ ಗುರುತಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಪೆಟ್ಟಿಗೆಯ ತುದಿಗೂ ಇನ್ನೊಂದನ್ನು ದೀಪದೊಳಗಿನ ಬೆಸುಗೆಗೂ ಮುಟ್ಟಿಸಿ ತಂತಿಯನ್ನು ಅಲ್ಲಾಡಿಸಿದೆವು. ಕಪ್ಪು ತಂತಿ ಎಡೆಬಿಡದೆ ಕೂಗಿತು. ಕೆಂಪು ತಂತಿ ಉಗ್ಗಿತು. ಅದರ ಸಿಪ್ಪೆ ಹೊರಗಿನಿಂದ ಅಖಂಡವಾಗಿಯೇ ಇತ್ತು. ಬಿಡಿಸಿದಾಗ ಒಳಗಿನ ತಾಮ್ರದೆಳೆಗಳಲ್ಲಿ ಎರಡೋ ಮೂರೋ ಉಳಿದು ಮಿಕ್ಕವೆಲ್ಲ ತುಂಡಾಗಿದ್ದವು. ಹೇರ್‌ಪಿನ್ನನ್ನು ಅತ್ತಿತ್ತ ಹತ್ತು ಸಲ ಬಗ್ಗಿಸಿದರೆ ಮುರಿಯುವುದಲ್ಲವೆ? ದಿನಕ್ಕೆ ಮುನ್ನೂರು ಮರ, ಮರಕ್ಕೊಂದು ಬಾಗು. ತಂತಿಯಾದರೂ ಎಷ್ಟು ತಾಳೀತು?

ಈ ದುರ್ಬಲ ಸ್ಥಾನವು ಇಂದಿನದಲ್ಲ. ತಲೆದೀಪವು ಮೊದಲು ಗಣಿಕಾರ್ಮಿಕರ ಸಾಧನವಾಗಿತ್ತು. ಅಮೇರಿಕದ ಎಡಿಸನ್ನನು 1910ರ ದಶಕದಲ್ಲಿ ಗಣಿಗಾರರಿಗಾಗಿ ವಿದ್ಯುತ್ ಟೊಪ್ಪಿಗೆದೀಪವನ್ನು ಸಿದ್ಧಗೊಳಿಸಿದನು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿಯೂ, 2001ರಲ್ಲಿ ಅವು ಮುಚ್ಚುವವರೆಗೆ, ಕಾರ್ಮಿಕರು ಸೊಂಟದಲ್ಲಿ ಬ್ಯಾಟರಿ, ಟೊಪ್ಪಿಗೆಯಲ್ಲಿ ದೀಪ, ನಡುವೆ ಬೆನ್ನ ಮೇಲೊಂದು ದಪ್ಪ ತಂತಿ ಇಟ್ಟುಕೊಂಡು ಪಾತಾಳಕ್ಕಿಳಿಯುತ್ತಿದ್ದರು. ಅನಂತರ ನೀಲಿ ಎಲ್‌ಇಡಿ ಬಂದು ಅದರಿಂದ ಬಿಳಿ ಬೆಳಕು ಸಾಧ್ಯವಾಯಿತು (ಇದಕ್ಕಾಗಿ 2014ರಲ್ಲಿ ಮೂವರಿಗೆ ಭೌತಶಾಸ್ತ್ರದ ನೊಬೆಲ್ ದೊರೆಯಿತು). 1991ರಲ್ಲಿ ಲಿಥಿಯಂ ಶೆಲ್ಲು ಮಾರುಕಟ್ಟೆಗೆ ಬಂದು ಸೊಂಟದ ಭಾರ ಹಿಂದಲೆಗೆ ಏರಿತು (ಅದನ್ನು ಸಾಧಿಸಿದವರಿಗೂ 2019ರಲ್ಲಿ ನೊಬೆಲ್ ಸಂದಿತು). ಎಲ್ಲವೂ ಬದಲಾದರೂ ಬ್ಯಾಟರಿಗೂ ದೀಪಕ್ಕೂ ನಡುವಣ ತಂತಿ ಉಳಿದೇ ಉಳಿಯಿತು. ಗಣಿಯ ದೀಪದಲ್ಲಿ ಆ ತಂತಿ ದಪ್ಪವಾಗಿತ್ತು. ಇಂದಿನ ಅಗ್ಗದ ದೀಪದಲ್ಲಿ ಮಲ್ಲಿಗೆ ಕಟ್ಟುವ ದಾರಕ್ಕಿಂತ ತುಸುವೇ ದಪ್ಪ.

ಚಿಕಿತ್ಸೆ ಸರಳವಾದುದು. ಮುರಿದ ಭಾಗವನ್ನು ಒಂದಂಗುಲ ಕತ್ತರಿಸಿ ತೆಗೆದು, ಆರೋಗ್ಯವಾದ ತುದಿಯನ್ನು ಸುಲಿದು, ಎಳೆಗಳನ್ನು ಹೊಸೆದೆ. ಕೆಂಪು ಕಪ್ಪು ಅದಲುಬದಲಾಗದಂತೆ ಗುರುತಿಟ್ಟುಕೊಂಡೆ; ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದರಿಂದ ಅದಲುಬದಲಾದರೆ ಬೆಳಕಿಲ್ಲ. ಬೆಸುಗೆ ಹಾಕುವ ಮೊದಲು ತಂತಿಯನ್ನು ರಂಧ್ರದೊಳಗಿಂದ ತಂದು, ಒಳಮಗ್ಗುಲಲ್ಲಿ ಒಂದು ಗಂಟು ಹಾಕಿದೆ. ದುರಸ್ತಿಯ ಜೀವವೇ ಈ ಗಂಟು. ಇನ್ನು ಮುಂದೆ ತಂತಿಯನ್ನು ಎಷ್ಟು ಎಳೆದರೂ ಎಳೆತವು ಗಂಟಿನಲ್ಲಿ ನಿಲ್ಲುವುದೇ ಹೊರತು ಬೆಸುಗೆಗೆ ತಾಗದು. ಬಳಿಕ ಹಿಂದಿನ ಪೆಟ್ಟಿಗೆಯ ಬಳಿ ತಂತಿಗೆ ಸಣ್ಣದೊಂದು ಸಡಿಲ ಸುರುಳಿ ಬಿಟ್ಟು ಅದನ್ನು ದಾರದಿಂದ ಪಟ್ಟಿಗೆ ಕಟ್ಟಿದೆ. ಬೆಸುಗೆಯನ್ನು ತಂತಿಗೂ ಹಲಗೆಗೂ ಮಾತ್ರ ಹಾಕಬೇಕು. ಲಿಥಿಯಂ ಶೆಲ್ಲಿನ ಮೈಗೆ ಬೆಸುಗೆಯ ಕಡ್ಡಿಯನ್ನು ಎಂದೂ ಮುಟ್ಟಿಸಬಾರದು.

ಎಲ್‌ಇಡಿಯೇ ಕೆಟ್ಟಿದೆಯೆಂಬ ಸಂಶಯ ಬಂದರೆ, ಎರಡು ಹೊಸ ಸಾಧಾರಣ ಶೆಲ್ಲುಗಳನ್ನು ಸೇರಿಸಿ 3 ವೋಲ್ಟನ್ನು ಅದರ ಎರಡು ಬದಿಗೆ ಮುಟ್ಟಿಸಿ ನೋಡಬಹುದು. ಬದುಕಿದ್ದರೆ ಮಂದವಾಗಿಯಾದರೂ ಮಿನುಗುವುದು. ಚಾರ್ಜ್ ಆಗದಿದ್ದರೆ ಮೊದಲು ಬೇರೆ ಕೇಬಲು ಹಾಕಿ ನೋಡುವುದು. ಆಮೇಲೆ ಕೇಬಲು ಸಿಕ್ಕಿಸುವ ಕಿಂಡಿಯ ಬೆಸುಗೆ ಸಡಿಲಾಗಿದೆಯೇ ಎಂದು ನೋಡುವುದು.

ಎರಡು ವಿಷಯಗಳಲ್ಲಿ ಮಾತ್ರ ನಮ್ಮ ಬಂಧುಗಳು ಕೈಹಾಕಬಾರದೆಂದು ಒತ್ತಿ ಹೇಳುವೆನು. ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಎರಡು ಕಡ್ಡಿಯ ಅಗ್ಗದ ದೀಪಗಳಿವೆ. ಒಳಗೆ 4 ವೋಲ್ಟಿನ ಸೀಸದ ಬ್ಯಾಟರಿ ಇರುವುದು. ಇವುಗಳಲ್ಲಿ ಅನೇಕವುಗಳೊಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಬರಿಯ ಕೆಪಾಸಿಟರಿನ ಮೂಲಕ 230 ವೋಲ್ಟನ್ನು ತಗ್ಗಿಸಿರುವರು. ಪ್ಲಗ್ಗಿನಲ್ಲಿರುವಾಗ ಅದನ್ನು ಬಿಚ್ಚಿ ಬೆರಳಿಟ್ಟರೆ ಪ್ರಾಣಾಪಾಯ. ಪ್ಲಗ್ಗಿನಿಂದ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರಬಹುದು. ಅಂದಹಾಗೆ ಈ ಸೀಸದ ಬ್ಯಾಟರಿಯ ದೀಪಗಳೇ ನಮ್ಮವರು ರಜೆಗೆ ಹೋಗುವಾಗ ಹೆಚ್ಚಾಗಿ ಒಯ್ಯುವಂಥವು. ತಾಯಂದಿರು ‘ಮಗ ತಂದದ್ದು’ ಎಂದು ಕಪಾಟಿನಲ್ಲಿ ಸೀರೆಯ ಮಡಿಕೆಯೊಳಗಿಡುವರು. ಚಾರ್ಜಿಲ್ಲದೆ ಆರು ತಿಂಗಳು ಬಿದ್ದ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ, ಒಂದು ದಿನವೂ ಉರಿಯದೆ ಅದು ಸಾಯುವುದು. ಬಳಸಲಿ, ಬಿಡಲಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಚಾರ್ಜ್ ಮಾಡಲು ಫೋನಿನಲ್ಲಿ ನೆನಪಿಸಬೇಕು.

ಎರಡನೆಯದು ಉಬ್ಬಿದ, ಬಿಸಿಯೇರುವ, ಸಿಪ್ಪೆ ಹರಿದ ಲಿಥಿಯಂ ಶೆಲ್ಲು. ಅದನ್ನು ಚುಚ್ಚುವುದು, ಕುಟ್ಟುವುದು, ಚಿಲ್ಲರೆ ನಾಣ್ಯಗಳ ಜತೆ ಜೇಬಿನಲ್ಲಿಡುವುದು ಎಲ್ಲವೂ ಬೆಂಕಿಯೊಡನೆ ಸರಸ. ಇಲ್ಲಿ ನನ್ನ ಮನಸ್ಸು ಹೋಟೆಲಿನ ಅಟ್ಟಗಳ ಕಡೆಗೆ ಹೋಗುವುದು. ಒಂದೇ ಬೋರ್ಡಿಗೆ ಆರು ಕೇಬಲು, ಚಾಪೆಯ ಮೇಲೆ, ತಲೆದಿಂಬಿನಡಿಯಲ್ಲಿ ಫೋನು, ಟಾರ್ಚುಗಳನ್ನು ರಾತ್ರಿಯಿಡೀ ಚಾರ್ಜಿಗಿಟ್ಟು ಹತ್ತು ಜನ ಮಲಗುವರು. ಇಳಿಯಲು ಒಂದೇ ಏಣಿ. ಮಾಲಕರಾಗಿರುವ ವಾಚಕರೂ ಇದನ್ನು ಓದಲಿ. ಚಾರ್ಜಿಗಿಡುವ ಜಾಗ ಕಲ್ಲಿನ ಅಥವಾ ಟೈಲ್ಸಿನ ನೆಲವಾಗಿರಲಿ, ಜನ ಎಚ್ಚರವಿರುವ ಹೊತ್ತಾಗಿರಲಿ. ಸತ್ತ ಶೆಲ್ಲನ್ನು ಕಸದ ಡಬ್ಬಿಗೆ ಎಸೆಯದೆ ಬ್ಯಾಟರಿ ಮರಳಿ ಪಡೆಯುವ ಅಂಗಡಿಗೆ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಇದಕ್ಕಾಗಿಯೇ ಬಂದಿವೆ. ಆ ‘9800’ರ ಶೆಲ್ಲನ್ನು ಹುಡುಗನ ಕೈಯಿಂದ ನಾನು ಹಾಗೆಯೇ ಕಸಿದುಕೊಂಡೆನು.

ದುರಸ್ತಿ ಮುಗಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಹುಡುಗನು ದೀಪವನ್ನು ಕಟ್ಟಿಕೊಂಡು ಕತ್ತಲ ಕೋಣೆಯಲ್ಲಿ ಬಗ್ಗತೊಡಗಿದನು. ನಾನು ಎಣಿಸಿದೆ. ಐವತ್ತಾದಾಗ ಸಾಕೆಂದೆ. “ಅಪ್ಪನಿಗೆ ಮುನ್ನೂರಲ್ಲವೇ?” ಎಂದವನು ನೂರರವರೆಗೂ ನಿಲ್ಲಿಸಲಿಲ್ಲ. ದೀಪವು ಒಮ್ಮೆಯೂ ಮಿಣುಕಲಿಲ್ಲ.

ಮೊನ್ನೆ ಊರಿನಿಂದ ಫೋನು ಬಂದಿತು. ಮಾತನಾಡಿದವರು ತಂದೆಯವರು. ದೀಪ ಹೇಗಿದೆಯೆಂದು ನಾನೇ ಕೇಳಬೇಕಾಯಿತು. “ಉರಿಯುತ್ತದೆ” ಎಂದಷ್ಟೇ ಹೇಳಿ, ಕೊಂಚ ತಡೆದು ಮುಂದುವರಿಸಿದರು:

“ಆ ಒಳಗಿನ ಗಂಟನ್ನು ಹೇಗೆ ಹಾಕಿದ್ದು ಸ್ವಾಮೀ? ಆಚೆಮನೆಯವನದ್ದೂ ಬಗ್ಗಿದರೆ ಆರುತ್ತದಂತೆ.”